ಉಪ್ಪಿನ ಮೇಲಿನ ಅಪವಾದ

ಓದುಗರ ಪತ್ರಗಳಲ್ಲಿ ಕಾಳಿನ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕಡಲೆಕಾಳನ್ನು ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಆರೇಳು ಕೂಗು ಕೂಗಿಸಿದರೂ ಹಲ್ಲಿಗೆ ಗಟ್ಟಿಯಾಗಿಯೇ ಸಿಗುತ್ತದೆ, ಏಕೆ? ಹೋದ ವರ್ಷ ಬೆಣ್ಣೆಯಾಗಿ ಬೆಂದಿದ್ದ ಅವರೆಕಾಳು, ಅದೇ ಡಬ್ಬಿಯದು, ಈಗ ಏಕೆ ಬೇಯುತ್ತಿಲ್ಲ? ಇನ್ನೂ ಎಷ್ಟು ಗಂಟೆ ನೆನೆಸಬೇಕು? ಕೆಲವರು ಪ್ರಶ್ನೆಯ ಜೊತೆಗೆ ಉತ್ತರವನ್ನೂ ಬರೆದಿರುತ್ತಾರೆ: ಉಪ್ಪು ಮುಂಚೆಯೇ ಬಿದ್ದಿರಬೇಕು, ಉಪ್ಪು ಬಿದ್ದ ಕಾಳು ಬೇಯುವುದಿಲ್ಲವಲ್ಲ. ನಮ್ಮ ಅಡುಗೆಮನೆಗಳಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ ನಂಬಿಕೆಗಳು ಕಡಿಮೆ. ಅದು ತಪ್ಪು ಎಂದು ಹೇಳುವುದಕ್ಕೇ ಈ ಅಂಕಣ. ಕಾಳು ಬೇಯದಿರುವುದಕ್ಕೆ ಕಾರಣ ಹೆಚ್ಚಾಗಿ ನೀರಿನಲ್ಲಿರುತ್ತದೆ, ಇಲ್ಲವೇ ಕಾಳಿನ ವಯಸ್ಸಿನಲ್ಲಿರುತ್ತದೆ. ಉಪ್ಪು, ಅದರಲ್ಲೂ ನೆನೆಹಾಕುವ ನೀರಿಗೇ ಹಾಕಿದ ಉಪ್ಪು, ಆ ತೊಂದರೆಗೆ ಪರಿಹಾರವೇ ಹೊರತು ಕಾರಣವಲ್ಲ.

ಒಣಗಿದ ಅವರೆಕಾಳು ನೀರಿಗೆ ಬಿದ್ದಾಗ ಏನಾಗುತ್ತದೆಂದು ಹತ್ತಿರದಿಂದ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಕಾಳು ಸಿಪ್ಪೆಗೆ ಅಂಟಿಕೊಂಡಿದ್ದ ಜಾಗದಲ್ಲಿ ಎದ್ದು ಕಾಣುವ ಬಿಳಿಯ ಕಣ್ಣಿದೆ. ನೀರು ಮುಖ್ಯವಾಗಿ ನುಗ್ಗುವುದು ಆ ಕಣ್ಣಿನ ಸುತ್ತಿನಿಂದ. ಮೊದಲು ನೆನೆಯುವುದು ಕಾಳಿನ ಮೇಲಿನ ಹೊಟ್ಟು. ಅದು ಹಿಗ್ಗಿದರೂ ಒಳಗಿನ ಬೇಳೆ ಇನ್ನೂ ಒಣಗಿಯೇ ಇರುವುದರಿಂದ ಕಾಳಿನ ಮೈಯೆಲ್ಲ ಸುಕ್ಕುಗಟ್ಟುತ್ತದೆ. ಹೊತ್ತು ಕಳೆದಂತೆ ಬೇಳೆಯೂ ನೀರು ಹೀರಿ ಉಬ್ಬುತ್ತದೆ, ಸುಕ್ಕು ಮಾಯವಾಗುತ್ತದೆ, ಕಾಳು ನುಣುಪಾಗುತ್ತದೆ. ಆಗ ಎರಡು ಮೂರು ಕಾಳನ್ನು ಚಾಕುವಿನಿಂದ ಅಡ್ಡಕ್ಕೆ ಕತ್ತರಿಸಿ ನೋಡಬೇಕು. ನಟ್ಟನಡುವೆ ಸೀಮೆಸುಣ್ಣದ ಬಣ್ಣದ ಒಣ ಚುಕ್ಕೆ ಉಳಿದಿದ್ದರೆ ನೆನೆದಿಲ್ಲ ಎಂದರ್ಥ. ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣವಿದ್ದರೆ ಕೆಲಸ ಮುಗಿದಿದೆ. ಗಡಿಯಾರಕ್ಕಿಂತ ಈ ಪರೀಕ್ಷೆ ನಂಬಿಕೆಗೆ ಅರ್ಹ, ಏಕೆಂದರೆ ಕೋಣೆಯ ಬಿಸಿ, ಕಾಳಿನ ಗಾತ್ರ, ಹೊಟ್ಟಿನ ದಪ್ಪ ಮನೆಯಿಂದ ಮನೆಗೆ ಬೇರೆ. ನಮ್ಮ ಹವೆಯಲ್ಲಿ ಎಂಟು ಗಂಟೆಯ ಹೊತ್ತಿಗೆ ದೊಡ್ಡ ಕಾಳುಗಳು ಹೆಚ್ಚುಕಡಿಮೆ ತಮ್ಮ ತೂಕದಷ್ಟೇ ನೀರು ಹೀರಿರುತ್ತವೆ. ಅಲ್ಲಿಂದ ಮುಂದೆ ಎಷ್ಟು ನೆನೆಸಿದರೂ ಕಾಳು ಹೆಚ್ಚು ನೀರು ಕುಡಿಯುವುದಿಲ್ಲ. ಬೇಸಿಗೆಯಲ್ಲಾದರೆ ಮೇಲೆ ನೊರೆ ಬಂದು ಹುಳಿವಾಸನೆ ಹಿಡಿಯುತ್ತದೆ, ಅಷ್ಟೆ.

ಹಾಗಾದರೆ ಪೂರ್ತಿ ನೆನೆದ ಕಾಳು ಕೂಡ ಬೇಯದೆ ಉಳಿಯುವುದು ಹೇಗೆ? ನೆನೆಯುವುದು ಬೇರೆ, ಮೆತ್ತಗಾಗುವುದು ಬೇರೆ. ಕಾಳಿನೊಳಗೆ ಪಿಷ್ಟ, ಪ್ರೋಟೀನು ತುಂಬಿದ ಲಕ್ಷಾಂತರ ಕೋಶಗಳಿವೆ. ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ ಆ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಪೆಕ್ಟಿನ್ ಎಂಬ ವಸ್ತು. ಕಾಳು ಬೆಂದಿತು ಎಂದರೆ ಬಿಸಿನೀರಿನಲ್ಲಿ ಆ ಗಾರೆ ಕರಗಿ, ಕೋಶಗಳು ಬಿಡಿಬಿಡಿಯಾಗಿ, ಒಳಗಿನ ಪಿಷ್ಟ ನೀರು ಹಿಡಿದು ಉಬ್ಬಿದೆ ಎಂದರ್ಥ. ಬೆರಳಿನಲ್ಲಿ ಒತ್ತಿದರೆ ಹಿಟ್ಟಾಗುವುದು ಆ ಕಾರಣಕ್ಕೆ. ಗಾರೆ ಕರಗದಿದ್ದರೆ ಪಿಷ್ಟ ಬೆಂದಿದ್ದರೂ ಕಾಳು ಗಟ್ಟಿ. ಪೆಕ್ಟಿನ್ನನ್ನು ಕರಗದ ಹಾಗೆ ಬಿಗಿಯುವ ಶಕ್ತಿ ಎರಡು ಲವಣಾಂಶಗಳಿಗಿದೆ, ಒಂದು ಕ್ಯಾಲ್ಸಿಯಂ, ಇನ್ನೊಂದು ಮೆಗ್ನೀಸಿಯಂ. ಒಂದು ಪೆಕ್ಟಿನ್ ಎಳೆಯನ್ನು ಪಕ್ಕದ ಎಳೆಗೆ ಕಟ್ಟಿಹಾಕುವುದು ಇವುಗಳ ಕೆಲಸ. ಸಾಧಾರಣ ಉಪ್ಪಿನಲ್ಲಿರುವ ಸೋಡಿಯಂಗೆ ಹೀಗೆ ಎರಡು ಎಳೆಗಳನ್ನು ಜೋಡಿಸುವ ತಾಕತ್ತಿಲ್ಲ.

ಈ ಎರಡೂ ಲವಣಾಂಶ ಹೆಚ್ಚಾಗಿರುವ ನೀರನ್ನೇ ನಾವು ಗಡಸು ನೀರು ಎನ್ನುವುದು. ಬಯಲುಸೀಮೆಯ ಆಳದ ಬೋರ್‌ವೆಲ್‌ಗಳ ನೀರು ಕುಡಿದವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಸೋಪು ನೊರೆ ಬರುವುದಿಲ್ಲ, ಹೀಟರಿನ ಕಾಯಿಲ್ ಮೇಲೆ ಬಿಳಿಯ ಹೆಕ್ಕಳೆ ಕಟ್ಟುತ್ತದೆ, ನೀರು ಕಾಯಿಸುವ ಪಾತ್ರೆಯ ತಳ ಎಷ್ಟು ತಿಕ್ಕಿದರೂ ಬೆಳ್ಳಗೇ ಇರುತ್ತದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರುವುದು ಒಪ್ಪಿತ. ಬೇರೆ ನೀರಿನ ಮೂಲವೇ ಇಲ್ಲದ ಕಡೆ 600ರವರೆಗೂ ಬಿಡಬಹುದು. ಕುಡಿಯಲು ಅಡ್ಡಿಯಿಲ್ಲದ ಆ ನೀರು ಕಾಳು ಬೇಯಿಸಲು ಬಹಳ ತೊಡಕಿನದು. ಹಳ್ಳಿಗಳಲ್ಲಿ ಇದನ್ನು ರಸಾಯನಶಾಸ್ತ್ರವಿಲ್ಲದೆಯೇ ಗುರುತಿಸಿದ್ದಾರೆ. ‘ಆ ಬಾವಿ ನೀರಿಗೆ ಬೇಳೆ ಬೇಯಲ್ಲ’ ಎಂಬ ಮಾತು ನೀರಿನ ಗುಣದ ಬಗ್ಗೆ ಕೊಟ್ಟ ಸರಿಯಾದ ತೀರ್ಪು. ಕ್ಯಾಲ್ಸಿಯಂ ಹೀಗೆ ಬಿಗಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿಗಳೂ ಇವೆ. ಆಗ್ರಾ ಪೇಠಾ ಮಾಡುವವರು ಬೂದುಗುಂಬಳದ ಹೋಳುಗಳನ್ನು ಸುಣ್ಣದ ನೀರಿನಲ್ಲಿ ನೆನೆಸುತ್ತಾರೆ. ಸುಣ್ಣದ ಕ್ಯಾಲ್ಸಿಯಂ ಹೊಕ್ಕ ಹೋಳು ಆಮೇಲೆ ಪಾಕದಲ್ಲಿ ಎಷ್ಟು ಕುದಿದರೂ ಕರಗುವುದಿಲ್ಲ. ಡಬ್ಬಿಯಲ್ಲಿ ಬರುವ ಬೆಂದ ಕಾಳು ಒಡೆಯದಿರಲೆಂದು ಕಾರ್ಖಾನೆಗಳು ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸುವುದುಂಟು. ಅವರು ಬೇಕೆಂದೇ ಮಾಡುವುದನ್ನು ನಮ್ಮ ಬೋರ್ ನೀರು ಕೇಳದೆಯೇ ಮಾಡುತ್ತಿರುತ್ತದೆ.

ಉಪ್ಪಿನ ಪಾತ್ರ ಬರುವುದು ಇಲ್ಲಿ. ಉಪ್ಪುನೀರಿನಲ್ಲಿ ಕಾಳು ಗಂಟೆಗಟ್ಟಲೆ ಕುಳಿತಾಗ ಸೋಡಿಯಂ ಹೊಟ್ಟಿನೊಳಕ್ಕೆ, ಬೇಳೆಯೊಳಕ್ಕೆ ಇಳಿದು ಪೆಕ್ಟಿನ್ ಹಿಡಿದಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಲ್ಲಿ ಒಂದಷ್ಟನ್ನು ಸರಿಸಿ ತಾನು ಕೂರುತ್ತದೆ. ಕಟ್ಟು ಸಡಿಲವಾಗುತ್ತದೆ, ಬೇಯಿಸಿದಾಗ ಗಾರೆ ಬೇಗ ಕರಗುತ್ತದೆ. ಅಡುಗೆಯ ವಿಜ್ಞಾನದ ಬಗ್ಗೆ 1984ರಿಂದಲೂ ಜಗತ್ತು ಆಕರವಾಗಿ ನೋಡುವ ಪುಸ್ತಕವೊಂದನ್ನು ಬರೆದ ಅಮೆರಿಕದ ಹೆರಾಲ್ಡ್ ಮೆಗೀ, ಶೇಕಡಾ 1ರಷ್ಟು ಉಪ್ಪಿರುವ ನೀರಿನಲ್ಲಿ ನೆನೆಸಿದ ಕಾಳು ಬೇಗ ಬೇಯುತ್ತದೆ ಎನ್ನುತ್ತಾರೆ. ಮನೆಯ ಅಳತೆಯಲ್ಲಿ ಅದು ಲೀಟರ್ ನೀರಿಗೆ 10 ಗ್ರಾಂ, ಅಂದರೆ ತಲೆತಟ್ಟಿದ ಎರಡು ಟೀ ಚಮಚದಷ್ಟು ಪುಡಿ ಉಪ್ಪು. ಇದರ ಇನ್ನೊಂದು ಲಾಭ ಹೊಟ್ಟಿನದು. ಉಪ್ಪುನೀರಿನಲ್ಲಿ ನೆನೆದ ಕಾಳಿನ ಹೊಟ್ಟು ಮೆತ್ತಗಾಗಿ, ಬೇಳೆ ಉಬ್ಬಿದಾಗ ಅದರ ಜೊತೆ ಹಿಗ್ಗುತ್ತದೆ; ಹರಿದು ಸಾರಿನ ಮೇಲೆ ತೇಲುವುದು ಕಡಿಮೆ. ಉಸಲಿಗೆ, ಗುಗ್ಗರಿಗೆ ಇಡಿಯಾದ ಕಾಳು ಬೇಕೆನ್ನುವವರಿಗೆ ಇದೊಂದೇ ಸಾಕಾದ ಕಾರಣ. ನೀರು ತೀರಾ ಗಡಸಾಗಿದ್ದರೆ ಉಪ್ಪೊಂದರಿಂದಲೇ ಪೂರ್ತಿ ಪರಿಹಾರ ಸಿಗದು. ಅಂಥ ಕಡೆ ಆರ್‌ಒ ನೀರು, ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು, ಮಳೆನೀರು, ಯಾವುದಾದರೂ ಆಗುತ್ತದೆ. ಬೋರ್ ನೀರನ್ನೇ ಒಮ್ಮೆ ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿ ಗಸಿ ಬಿಟ್ಟು ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೂ ಗಡಸು ಒಂದಷ್ಟು ಇಳಿಯುತ್ತದೆ.

ತಲೆತಲಾಂತರದ ಅನುಭವ ಸುಳ್ಳೇ ಎಂಬ ಆಕ್ಷೇಪ ಇಲ್ಲಿ ಬರಲೇಬೇಕು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಅದರಲ್ಲಿ ನಿಜದ ಪಾಲಿದೆ. ನೆನೆಯದ ಒಣ ಕಾಳನ್ನು ನೇರವಾಗಿ ಉಪ್ಪು ಹಾಕಿದ ನೀರಿನಲ್ಲಿ ಕುದಿಸಿದರೆ ಕಾಳು ನೀರು ಹೀರುವ ವೇಗ ತುಸು ತಗ್ಗುತ್ತದೆ, ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಹಿರಿಯರು ಕಂಡದ್ದು ಇದನ್ನಿರಬಹುದು. ಇನ್ನೊಂದು ಕಾರಣ ಉಪ್ಪಿನ ಸಹವಾಸ. ನಮ್ಮ ಅಡುಗೆಯಲ್ಲಿ ಉಪ್ಪು ಒಂಟಿಯಾಗಿ ಬೀಳುವುದು ಅಪರೂಪ. ಉಪ್ಪು, ಹುಳಿ, ಖಾರ ಒಟ್ಟಿಗೆ ಬೀಳುತ್ತವೆ. ಹುಣಸೆರಸ, ಟೊಮೆಟೊ ಬಿದ್ದ ಮೇಲೆ ಕಾಳು ಮುಂದಕ್ಕೆ ಬೇಯುವುದಿಲ್ಲ ಎಂಬುದು ಅಪ್ಪಟ ಸತ್ಯ, ಏಕೆಂದರೆ ಹುಳಿಯಲ್ಲಿ ಪೆಕ್ಟಿನ್ ಕರಗುವುದು ಕಷ್ಟ. ಬೆಲ್ಲದ್ದೂ ಅದೇ ಕಥೆ. ಹೂರಣಕ್ಕೆ ಕಡಲೆಬೇಳೆಯನ್ನು ಪೂರ್ತಿ ಬೇಯಿಸಿ, ನೀರು ಬಸಿದ ಮೇಲೆಯೇ ಬೆಲ್ಲ ಹಾಕುವ ಕ್ರಮ ಸುಮ್ಮನೆ ಬಂದದ್ದಲ್ಲ. ಬೆಲ್ಲದ ಸಕ್ಕರೆ, ಅದರಲ್ಲಿರುವ ಕ್ಯಾಲ್ಸಿಯಂ ಎರಡೂ ಬೇಳೆಯನ್ನು ಗಟ್ಟಿ ಮಾಡುತ್ತವೆ. ಹುಳಿ, ಬೆಲ್ಲದ ವಿಷಯದಲ್ಲಿ ಸಂಪ್ರದಾಯ ಸಂಪೂರ್ಣ ಸರಿ. ಅವುಗಳ ಜೊತೆಗೇ ಬಾಣಲೆಗೆ ಬೀಳುತ್ತಿದ್ದ ಉಪ್ಪಿಗೂ ಅವುಗಳ ಅಪರಾಧ ಅಂಟಿಕೊಂಡಿತು ಎಂಬುದು ನನ್ನ ತರ್ಕ. ನಮ್ಮ ಅಜ್ಜಿ ಉಪ್ಪು ಹಾಕದೆಯೇ ನೆನೆಸುತ್ತಿದ್ದರು, ಆಗ ಬೇಯುತ್ತಿರಲಿಲ್ಲವೇ ಎಂದು ಕೇಳಬಹುದು. ಬೇಯುತ್ತಿತ್ತು. ಹೊಳೆ, ಕೆರೆಯ ನೀರು ಆಳದ ಬೋರ್ ನೀರಿಗಿಂತ ಸಾಮಾನ್ಯವಾಗಿ ಮೆದು. ಕಾಳು ಆ ವರ್ಷ ಹೊಲದಿಂದ ಬಂದದ್ದು. ನೀರು, ಕಾಳು ಎರಡೂ ಬದಲಾದ ಮೇಲೆ ಹಳೆಯ ಕ್ರಮ ಮಾತ್ರ ಹಾಗೇ ಉಳಿದಿದೆ.

ಕಾಳಿನ ವಯಸ್ಸಿನ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಅಂಗಡಿಯ ಪ್ಯಾಕೆಟ್ ಮೇಲೆ ತುಂಬಿದ ದಿನಾಂಕ ಇರುತ್ತದೆ, ಕೊಯ್ಲಿನ ದಿನಾಂಕ ಇರುವುದಿಲ್ಲ. ಸೆಕೆ, ತೇವ ಎರಡೂ ಇರುವ ಕಡೆ ತಿಂಗಳುಗಟ್ಟಲೆ ಕುಳಿತ ಕಾಳಿನ ಒಳಗೇ ಗಡಸು ಹುಟ್ಟುತ್ತದೆ. ಕಾಳಿನಲ್ಲಿ ಫೈಟೇಟ್ ಎಂಬ ರೂಪದಲ್ಲಿ ರಂಜಕ ಕೂಡಿಟ್ಟಿರುತ್ತದೆ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತನ್ನ ಹಿಡಿತದಲ್ಲಿ ಇಟ್ಟುಕೊಂಡಿರುತ್ತದೆ. ಬಿಸಿ ಮತ್ತು ತೇವದಲ್ಲಿ ಫೈಟೇಟ್ ನಿಧಾನವಾಗಿ ಒಡೆದಾಗ ಬಿಡುಗಡೆಯಾದ ಲವಣಗಳು ಕೋಶಗಳ ನಡುವಿನ ಪೆಕ್ಟಿನ್ನನ್ನು ಹೋಗಿ ಬಿಗಿಯುತ್ತವೆ. ಹೊರಗಿನ ನೀರು ಎಷ್ಟೇ ಮೆದುವಾಗಿದ್ದರೂ ಆ ಕಾಳು ಸುಲಭವಾಗಿ ಬೇಯದು. ಹೋದ ವರ್ಷ ಬೆಂದ ಡಬ್ಬಿಯ ಕಾಳು ಈ ವರ್ಷ ಬೇಯದ ಒಗಟಿಗೆ ಉತ್ತರ ಇದೇ. ಒಲೆಯ ಮೇಲಿನ ಶೆಲ್ಫು, ಬಿಸಿಲು ಕಾಯುವ ಅಟ್ಟ ಕಾಳಿಗೆ ಕೆಟ್ಟ ಜಾಗಗಳು. ಬಿಗಿ ಮುಚ್ಚಳದ ಡಬ್ಬಿ, ತಣ್ಣಗಿನ ಮೂಲೆ, ಮೂರ್ನಾಲ್ಕು ತಿಂಗಳಿಗೆ ಸಾಲುವಷ್ಟೇ ಖರೀದಿ ಇದ್ದರೆ ಸಾಕು. ಹೊಸ ಕಾಳು, ಹಳೆ ಕಾಳು ಬೆರೆಸಿ ಬೇಯಿಸಿದರೆ ಒಂದು ಹಿಟ್ಟಾಗುವ ಹೊತ್ತಿಗೆ ಇನ್ನೊಂದು ಗಟ್ಟಿಯಾಗಿಯೇ ಉಳಿದಿರುತ್ತದೆ.

ಬೇಗ ಬೇಯಲು ಚಿಟಿಕೆ ಅಡುಗೆ ಸೋಡಾ ಸಾಲದೇ ಎನ್ನುವವರಿದ್ದಾರೆ. ಸೋಡಾ ಉಪ್ಪಿಗಿಂತ ಚುರುಕು, ನಿಜ. ಕ್ಷಾರದಲ್ಲಿ ಪೆಕ್ಟಿನ್ ಬೇಗ ಕಳಚಿಕೊಳ್ಳುತ್ತದೆ. ಆದರೆ ಅದೇ ಕ್ಷಾರ ಥಯಮಿನ್ ಎಂಬ ಬಿ ಜೀವಸತ್ವವನ್ನು ಹಾಳುಮಾಡುತ್ತದೆ. ಕೈತಪ್ಪಿ ತುಸು ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ, ಕಾಳು ಮೇಲೆ ಗಂಜಿಯಾಗಿ ನಡುವೆ ಗಟ್ಟಿಯಾಗಿ ಉಳಿಯುತ್ತದೆ. ತೀರಾ ಹಳೆಯ ಕಾಳಿಗೆ, ಬೇರೆ ದಾರಿಯೇ ಇಲ್ಲದಾಗ, ನೆನೆಹಾಕುವ ನೀರಿಗೆ ಚೂರು ಹಾಕಿ ಆ ನೀರನ್ನು ಚೆಲ್ಲುವುದಾದರೆ ಒಪ್ಪಬಹುದು. ನಿತ್ಯದ ರೂಢಿಯಾಗಿ ಬೇಡ. ಕುಕ್ಕರ್ ಇರುವಾಗ ನೆನೆಸುವ ರಗಳೆಯೇ ಏಕೆ ಎಂಬುದು ಇನ್ನೊಂದು ವಾದ. ಕುಕ್ಕರಿನೊಳಗೆ ಬಿಸಿ ಸುಮಾರು 120 ಡಿಗ್ರಿ ಸೆಲ್ಸಿಯಸ್ ತಲುಪುವುದರಿಂದ ನೆನೆಯದ ಕಾಳೂ ಬೇಯುತ್ತದೆ. ಬೇಯುವ ರೀತಿ ಮಾತ್ರ ಸಮನಾಗಿರುವುದಿಲ್ಲ: ಹೊಟ್ಟು ಸೀಳಿ, ಹೊರಮೈ ಕರಗಿ, ನಡುವೆ ಇನ್ನೂ ಗಟ್ಟಿ. ಗ್ಯಾಸೂ ಹೆಚ್ಚು ಉರಿಯುತ್ತದೆ. ಹಾಗೆಂದು ಎಲ್ಲವನ್ನೂ ರಾತ್ರಿಯಿಡೀ ನೆನೆಸಬೇಕಿಲ್ಲ. ಹೆಸರುಕಾಳು, ಅಲಸಂದೆ ಸಣ್ಣ ಕಾಳುಗಳು, ನೆನೆಸದಿದ್ದರೂ ನಡೆಯುತ್ತದೆ. ತೊಗರಿಬೇಳೆಗೆ ಹೊಟ್ಟೇ ಇಲ್ಲ, ಅರ್ಧ ಗಂಟೆ ಸಾಕು. ಕಡಲೆ, ಒಣ ಅವರೆ, ಒಣ ಬಟಾಣಿ, ರಾಜ್ಮಾಗಳಿಗೆ ಮಾತ್ರ ನೆನೆಸುವುದನ್ನು ತಪ್ಪಿಸಬೇಡಿ. ಹುರುಳಿ ಗಾತ್ರದಲ್ಲಿ ಚಿಕ್ಕದಾದರೂ ಹೊಟ್ಟು ಬಿಗಿಯಾದ್ದರಿಂದ ಇವುಗಳ ಜೊತೆಗೇ ಸೇರುತ್ತದೆ. ರಾತ್ರಿ ಮರೆತಿದ್ದರೆ ಕಾಳನ್ನು ಎರಡು ನಿಮಿಷ ಕುದಿಸಿ, ಒಲೆ ಆರಿಸಿ, ಮುಚ್ಚಿ ಒಂದು ಗಂಟೆ ಬಿಟ್ಟರೂ ಬಹುಪಾಲು ಕೆಲಸವಾಗುತ್ತದೆ.

ಉಪ್ಪುನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲಬೇಕು ಎಂದೊಡನೆ ಸತ್ವವೆಲ್ಲ ಚರಂಡಿಗೆ ಹೋಗುತ್ತದಲ್ಲ ಎಂಬ ಚಿಂತೆ ಬರುತ್ತದೆ. ಹುರುಳಿ ಬೇಯಿಸಿದ ಕಟ್ಟನ್ನೂ ಬಿಡದೆ ಸಾರು ಮಾಡುವ, ಕಾಳು ಬಸಿದ ನೀರಿನಲ್ಲಿ ಬಸ್ಸಾರು ಮಾಡುವ ನಾಡಿನಲ್ಲಿ ಈ ಚಿಂತೆ ಸಹಜ, ಗೌರವಕ್ಕೂ ಅರ್ಹ. ಆದರೆ ಬೇಯಿಸಿದ ನೀರು ಬೇರೆ, ನೆನೆಸಿದ ನೀರು ಬೇರೆ. ರುಚಿ, ಸತ್ವ ಹೆಚ್ಚಾಗಿ ಇಳಿಯುವುದು ಬೇಯಿಸಿದ ನೀರಿಗೆ; ಅದನ್ನು ಒಂದು ಹನಿಯೂ ಚೆಲ್ಲಬೇಕಾಗಿಲ್ಲ. ನೆನೆಸಿದ ನೀರಿಗೆ ಫೋಲೇಟಿನಂಥ ನೀರಿನಲ್ಲಿ ಕರಗುವ ಜೀವಸತ್ವ ಸ್ವಲ್ಪ ಹೋಗುವುದು ಹೌದು. ಜೊತೆಗೆ ಹೊಟ್ಟಿನ ಒಗರು, ಒಂದಿಷ್ಟು ಫೈಟೇಟ್, ವಾಯುವಿಗೆ ಕಾರಣವಾಗುವ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳ ಒಂದು ಪಾಲು ಕೂಡ ಹೋಗುತ್ತವೆ. ಈ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯರ ಕರುಳಿನಲ್ಲಿಲ್ಲ. ಅವು ದೊಡ್ಡ ಕರುಳಿನವರೆಗೆ ಹಾಗೇ ಸಾಗಿ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಗಾಳಿ ಹುಟ್ಟಿಸುತ್ತವೆ. ಹೊಟ್ಟೆಯುಬ್ಬರದ ಭಯಕ್ಕೆ ಕಾಳನ್ನೇ ಬಿಡುವವರು ಮೊದಲು ನೆನೆಸಿದ ನೀರನ್ನು ಬಿಟ್ಟು ನೋಡಲಿ. ಇನ್ನೂ ಪರಿಣಾಮಕಾರಿಯಾದದ್ದು ಮೊಳಕೆ ಕಟ್ಟುವುದು. ಕಾಳು ಮೊಳೆಯುವಾಗ ಈ ಸಕ್ಕರೆಗಳನ್ನು ತಾನೇ ಉರಿಸಿಕೊಳ್ಳುತ್ತದೆ, ಫೈಟೇಟ್ ಇಳಿಯುತ್ತದೆ, ಒಣ ಕಾಳಿನಲ್ಲಿ ಇಲ್ಲವೇ ಇಲ್ಲವೆನ್ನುವಷ್ಟಿದ್ದ ಸಿ ಜೀವಸತ್ವ ಹುಟ್ಟುತ್ತದೆ. ಒಂದು ಎಚ್ಚರಿಕೆ: ಮೊಳಕೆಗೆಂದು ನೆನೆಸುವ ನೀರಿಗೆ ಉಪ್ಪು ಹಾಕಬಾರದು. ಉಪ್ಪು ಮೊಳಕೆಯನ್ನು ತಡೆಯುತ್ತದೆ. ನಾನು ಹೇಳುತ್ತಿರುವ ಕ್ರಮಕ್ಕೆ ಇದೊಂದು ದೊಡ್ಡ ಅಪವಾದ.

ರಾಜ್ಮಾ ವಿಷಯದಲ್ಲಿ ನೀರು ಚೆಲ್ಲುವುದು ಆಯ್ಕೆಯ ಮಾತಲ್ಲ. ಬಳ್ಳಾರಿ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲೇ ಹುರುಳಿ, ಹೆಸರು ಸಿಕ್ಕಿವೆ. ಸಾವಿರಾರು ವರ್ಷ ಅವುಗಳ ಜೊತೆ ಬಾಳಿದ ನಮ್ಮ ಅಡುಗೆಗೆ ಅವುಗಳ ಗುಣ ಗೊತ್ತು. ರಾಜ್ಮಾ ಅಮೆರಿಕ ಖಂಡದ ಕಾಳು. ಅದರ ಅಪಾಯದ ತಿಳಿವಳಿಕೆ ನಮಗೆ ಬಳುವಳಿಯಾಗಿ ಬಂದಿಲ್ಲ. ಹಸಿ ಕೆಂಪು ರಾಜ್ಮಾದಲ್ಲಿ ಲೆಕ್ಟಿನ್ ಗುಂಪಿನ ಒಂದು ವಿಷವಿದೆ. ನಾಲ್ಕೈದು ಹಸಿ ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ವಿಪರೀತ ವಾಂತಿ, ಆಮೇಲೆ ಭೇದಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆ. ಕುಕ್ಕರಿನಲ್ಲಿ ಮೆತ್ತಗೆ ಬೇಯಿಸುವವರಿಗೆ ಭಯವಿಲ್ಲ. ಭಯವಿರುವುದು ಅರೆಬೆಂದ ಕಾಳಿನಿಂದ, ಅದರಲ್ಲೂ ಸ್ಲೋ ಕುಕ್ಕರಿನಿಂದ. 80 ಡಿಗ್ರಿಯ ಆಸುಪಾಸಿನ ಬಿಸಿ ಈ ವಿಷವನ್ನು ಕೊಲ್ಲುವ ಬದಲು ಹಲವು ಪಟ್ಟು ಹೆಚ್ಚಿಸಬಲ್ಲದು. ಬೆಳಿಗ್ಗೆ ಸ್ಲೋ ಕುಕ್ಕರಿಗೆ ಹಾಕಿ ಕೆಲಸಕ್ಕೆ ಹೋಗುವ ರೂಢಿಯಿರುವ ಹೊರದೇಶದ ಕನ್ನಡಿಗರು ರಾಜ್ಮಾವನ್ನು ಮೊದಲು ಒಲೆಯ ಮೇಲೆ ಕೊತಕೊತ ಕುದಿಸಿಯೇ ಅದರೊಳಕ್ಕೆ ಹಾಕಬೇಕು.

ಕೊನೆಯ ಆಕ್ಷೇಪ ರಕ್ತದೊತ್ತಡ ಇರುವವರದು, ಅದು ನ್ಯಾಯವಾದದ್ದು. ಲೆಕ್ಕ ಹಾಕೋಣ. ನಾಲ್ವರಿಗೆ 200 ಗ್ರಾಂ ಕಾಳು, 600 ಮಿಲಿಲೀಟರ್ ನೀರು, 6 ಗ್ರಾಂ ಉಪ್ಪು. ಕಾಳು ತನ್ನ ತೂಕದಷ್ಟು, ಅಂದರೆ 200 ಮಿಲಿಲೀಟರ್ ನೀರು ಹೀರಿದರೆ ಅದರೊಡನೆ ಒಳಹೋಗುವ ಉಪ್ಪು ಸುಮಾರು 2 ಗ್ರಾಂ, ತಲೆಗೆ ಅರ್ಧ ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎನ್ನುತ್ತದೆ. ಸಾರಿಗೆ ಹಾಕುವ ಉಪ್ಪಿನಲ್ಲಿ ಅಷ್ಟನ್ನು ಕಡಿಮೆ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಉಪ್ಪು ಕಾಳಿನೊಳಗೇ ಇರುವುದರಿಂದ ರುಚಿಗೆ ಕೊರತೆ ಕಾಣುವುದಿಲ್ಲ. ವೈದ್ಯರು ಉಪ್ಪನ್ನು ತೀರಾ ಬಿಗಿ ಮಾಡಿದ್ದರೆ ಉಪ್ಪಿಲ್ಲದ ಆರ್‌ಒ ನೀರಿನಲ್ಲಿ ನೆನೆಸಿ, ಅಂಥದೇ ಹೊಸ ನೀರಿನಲ್ಲಿ ಬೇಯಿಸುವುದು ಉತ್ತಮ.

ಇದನ್ನೆಲ್ಲ ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ. ಒಂದೇ ಕುಕ್ಕರಿನಲ್ಲಿ ತೀರ್ಮಾನವಾಗುವ ವಿಷಯ. ಒಂದೇ ಪ್ಯಾಕೆಟ್ಟಿನ ಕಡಲೆಕಾಳನ್ನು ಎರಡು ಬಟ್ಟಲಿಗೆ ಸಮನಾಗಿ ಹಾಕಿ, ಎರಡಕ್ಕೂ ಮನೆಯ ನಲ್ಲಿ ನೀರನ್ನೇ ಬಿಟ್ಟು, ಒಂದಕ್ಕೆ ಮಾತ್ರ ಮೇಲೆ ಹೇಳಿದ ಅಳತೆಯ ಉಪ್ಪು ಬೆರೆಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಎರಡನ್ನೂ ತೊಳೆದು, ಅದೇ ನಲ್ಲಿಯ ಹೊಸ ನೀರು ಅಷ್ಟಷ್ಟೇ ಹಾಕಿ, ಕುಕ್ಕರಿನ ಎರಡು ಡಬ್ಬಿಗಳಲ್ಲಿ ಅಕ್ಕಪಕ್ಕ ಇಲ್ಲವೇ ಒಂದರ ಮೇಲೊಂದು ಇಟ್ಟು, ಪೂರ್ತಿ ಬೇಯುವುದಕ್ಕೆ ಬೇಕಾದುದಕ್ಕಿಂತ ಎರಡು ಕೂಗು ಕಡಿಮೆಗೇ ಇಳಿಸಿ. ತಾನಾಗಿ ಆವಿ ಇಳಿದ ಮೇಲೆ ಎರಡರಿಂದಲೂ ಹತ್ತು ಹತ್ತು ಕಾಳು ತೆಗೆದು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ. ಎಷ್ಟು ಕಾಳು ಹಿಟ್ಟಾಯಿತು, ಎಷ್ಟು ಜಾರಿ ಹೋಯಿತು, ಎಷ್ಟರ ಹೊಟ್ಟು ಹರಿದಿದೆ ಎಂದು ಎಣಿಸಿ ಬರೆಯಿರಿ, ಜೊತೆಗೆ ನಿಮ್ಮ ನೀರು ಕಾವೇರಿಯದೋ, ತುಂಗಭದ್ರೆಯದೋ, ಬೋರ್‌ವೆಲ್ಲಿನದೋ ಎಂಬುದನ್ನೂ ತಿಳಿಸಿ.